ಏಳು ಹುಕ್ಕಿನ ಕರಡಿ

೧೯೮೭ನೇ ಇಸವಿ ಮಾರ್ಚ್ ಹನ್ನೊಂದು, ಬುಧವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಊರಿನ ಟಾಕೀಸಿನ ಹಿಂಬಾಗಿಲ ಹೊರಗೆ, ಚರಂಡಿ ಪಕ್ಕದ ಹಸಿ ಮಣ್ಣಿನಲ್ಲಿ ಮೊದಲ ಹೆಜ್ಜೆ ಗುರುತನ್ನು ಅಳೆದೆ. ಬಲಗಾಲು ಇಪ್ಪತ್ತಾರು ಸೆಂಟಿಮೀಟರು ಉದ್ದ. ಎಡಗಾಲು ಇಪ್ಪತ್ತನಾಲ್ಕು. ಕರಡಿಯ ಅಂಗಾಲಿನಲ್ಲಿ ಇರಬೇಕಾದ ಐದು ಬೆರಳಿನ ಗುಳಿಗಳು ಇರಲಿಲ್ಲ. ಅವುಗಳ ಜಾಗದಲ್ಲಿ ಅಡ್ಡ ಉದ್ದ ಸಣ್ಣ ಗೆರೆಗಳಿದ್ದವು, ಗೋಣಿಚೀಲವನ್ನು ಮಣ್ಣಿಗೆ ಒತ್ತಿದರೆ ಮೂಡುವಂಥವು. ಎರಡು ಸಲ ಅಳೆದೆ. ಪುಸ್ತಕದಲ್ಲಿ ಎರಡೂ ಅಂಕಿಗಳನ್ನು ಬರೆದೆ. ಎಡಗಾಲು ಯಾಕೆ ಚಿಕ್ಕದು ಎಂಬುದು ನನಗೆ ಗೊತ್ತಿತ್ತು, ಅದನ್ನು ಬರೆಯಲಿಲ್ಲ. ಆ ಕರಡಿ ವೇಷ ಹೊಲಿದವಳು ನಾನು. ಎಡಗಾಲಿನ ಹೊತ್ತಿಗೆ ಗೋಣಿ ಸಾಲದೆ ಎರಡು ಸೆಂಟಿಮೀಟರು ಒಳಗೆ ಹಿಡಿದಿದ್ದೆ.

ನಮ್ಮ ಊರಿಗೆ ಹೊಸದಾಗಿ ಬಂದವರು ಟಾಕೀಸಿನ ಹಿಂಬಾಗಿಲ ವಿಷಯಕ್ಕೆ ಹೊಂದಿಕೊಳ್ಳಲು ಒಂದೆರಡು ತಿಂಗಳು ಹಿಡಿಯುತ್ತದೆ. ಪ್ರತಿ ಆಟ ಮುಗಿದ ಮೇಲೆ ಆ ಬಾಗಿಲನ್ನು ಕಾಲು ಗಂಟೆ ತೆರೆದಿಡುತ್ತಾರೆ. ಪರದೆಯ ಮೇಲೆ ಬಂದದ್ದರಲ್ಲಿ ಹೊರಗೆ ಬರಬೇಕಾದ್ದು ಬರುತ್ತದೆ. ಮಳೆಯ ದೃಶ್ಯವಿದ್ದ ಸಿನಿಮಾ ಬಂದರೆ ಹಿಂದಿನ ಬೀದಿಯವರು ಒಣಗಿಸಿದ ಮೆಣಸಿನಕಾಯಿಯನ್ನು ಒಳಗೆ ತೆಗೆದುಕೊಳ್ಳುತ್ತಾರೆ. ಕೋಳಿ ಬಂದರೆ ಹಿಡಿದವರದು, ಆದರೆ ಹಿಡಿದ ಕೋಳಿ ದಿನಕ್ಕಿಷ್ಟು ಸಣ್ಣದಾಗುತ್ತಾ ನಾಲ್ಕನೇ ದಿನಕ್ಕೆ ಇಲ್ಲವಾಗುವುದರಿಂದ ಯಾರೂ ಹಿಡಿಯಲು ಹೋಗುವುದಿಲ್ಲ. ಒಮ್ಮೆ ಒಂದು ರೈಲಿನ ಹೊಗೆ ಬಂದು ಎರಡು ದಿನ ಪೇಟೆಯಲ್ಲಿ ನಿಂತಿತ್ತು. ಮನುಷ್ಯರು ಬರುವುದಿಲ್ಲ. ಹಿರಿಯರು ಹೇಳುವ ಮಾತು ಒಂದೇ: ನಟನೆ ಒಳಗೆ, ನಿಜ ಹೊರಗೆ. ನಾಯಕನ ಸಿಟ್ಟು, ನಾಯಕಿಯ ಕಣ್ಣೀರು, ಬಣ್ಣದ ರಕ್ತ ಇವೆಲ್ಲ ಪರದೆಯಲ್ಲೇ ಉಳಿದುಬಿಡುತ್ತವೆ. ಒಂದು ಸಾಂಸಾರಿಕ ಚಿತ್ರದಲ್ಲಿ ತೊಟ್ಟಿಲ ಕೂಸೊಂದು ನಿಜವಾಗಿಯೇ ಅತ್ತಿತ್ತು. ಆ ಅಳು ಮಾತ್ರ ಹೊರಗೆ ಬಂತು, ಕೂಸು ಬರಲಿಲ್ಲ. ಮೂರು ದಿನ ತರಕಾರಿ ಮಾರುಕಟ್ಟೆಯ ಹಿಂದಿನ ಮೂಲೆಯಲ್ಲಿ ಅದು ಅಳುತ್ತಿತ್ತು, ಹೆಂಗಸರು ಪಾಳಿ ಹಾಕಿಕೊಂಡು ಬಂದು ಅಲ್ಲಿ ಕೂತು ಜೋಗುಳ ಹಾಡಿದರು. ನಾನೂ ಒಂದು ಪಾಳಿ ಕೂತಿದ್ದೆ.

ನನ್ನ ಹೆಸರು ಅಂಬುಜಾಕ್ಷಿ. ಪಕ್ಕದ ಪಟ್ಟಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಅಳತೆಯ ಅಭ್ಯಾಸವಿದೆ ಎಂದು ಟಾಕೀಸು ಸಮಿತಿಯವರು ಹದಿನಾಲ್ಕು ವರ್ಷದ ಹಿಂದೆ ಈ ಪುಸ್ತಕ ಕೊಟ್ಟರು. ಬಂದದ್ದನ್ನು ಮೂರು ದಿನ ಬೆಳಿಗ್ಗೆ ಅಳೆಯಬೇಕು, ಇಳಿಯುತ್ತಿದೆಯೇ ನೋಡಬೇಕು. ಇಳಿಯದಿದ್ದರೆ ಆ ಚಿತ್ರದಲ್ಲಿ ಅದರ ಕೊನೆ ಇರುವ ರೀಲನ್ನು ಮತ್ತೊಮ್ಮೆ ತೋರಿಸುತ್ತಾರೆ, ಅದು ಮುಗಿಯುತ್ತದೆ. ಹದಿನಾಲ್ಕು ವರ್ಷದಲ್ಲಿ ಹಾಗೆ ಮಾಡಬೇಕಾಗಿ ಬಂದದ್ದು ಎರಡೇ ಸಲ, ಒಂದು ಹುಚ್ಚುನಾಯಿಗೆ, ಒಂದು ಬೆಂಕಿಗೆ. ಇದಲ್ಲದೆ ಚಿತ್ರ ಬರುವ ಮೊದಲೇ ಅದರ ದೃಶ್ಯಗಳ ಪಟ್ಟಿಯ ಕಾಗದ ನೋಡಿ, ಅದರಲ್ಲಿ ಅಪಾಯದ್ದು ಏನಿದೆ ಎಂದು ಬರೆದುಕೊಡುವುದೂ ನನ್ನ ಕೆಲಸ. ನಿಜವಾದ ಆನೆ, ಹುಲಿ, ಪ್ರವಾಹ ಇದ್ದರೆ ಚಿತ್ರ ಬೇಡ ಎನ್ನುತ್ತೇನೆ. 'ಕೆಂಗಣ್ಣಿನ ಕರಡಿ' ಎಂಬ ಆರು ರೀಲಿನ ಚಿತ್ರದ ಕಾಗದ ಫೆಬ್ರವರಿಯಲ್ಲಿ ಬಂದಾಗ ನಾನು ಬರೆದದ್ದು ಎರಡು ಮಾತು: ವೇಷ. ಅಪಾಯವಿಲ್ಲ. ಕೆಳಗೆ ಸಹಿ.

ವೇಷದ ಒಳಗೆ ಇದ್ದವರು ನನ್ನ ಗಂಡ ಪರಮೇಶಿ. ಬೀಜದ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಊರಿನ ನಾಟಕಗಳಲ್ಲಿ ಪ್ರಾಣಿಗಳ ಪಾತ್ರವೆಲ್ಲ ಅವರದ್ದೇ. ಎತ್ತು, ಜಿಂಕೆ, ಸಿಂಹ, ಒಮ್ಮೆ ಆಮೆ. ಮಾತಿನ ಪಾತ್ರ ಕೊಟ್ಟರೆ ನಾಲಿಗೆ ಒಣಗುತ್ತಿತ್ತು, ನಾಲ್ಕು ಕಾಲಿನಲ್ಲಿ ಮಾತ್ರ ನಿರಾಳ. ಕರಡಿಯೊಂದು ಊರಿಗೆ ನುಗ್ಗಿ ಜನರನ್ನು ಕೊಲ್ಲುವ ಕಥೆಯನ್ನು ಹದಿನೆಂಟು ದಿನದಲ್ಲಿ ತೆಗೆದು ಮುಗಿಸಬೇಕೆಂದು ಹೊರಟ ಒಂದು ಸಣ್ಣ ಕಂಪನಿಗೆ ಇಂಥವರೇ ಬೇಕಾಗಿತ್ತು. ಕರಡಿ ಸಾಕಿದವರನ್ನು ಕರೆಸುವ ಶಕ್ತಿ ಅವರಿಗಿರಲಿಲ್ಲ. ಎರಡನೆಯ ವೇಷ ಹೊಲಿಸುವ ಶಕ್ತಿಯೂ ಇರಲಿಲ್ಲ, ಮೊದಲನೆಯದನ್ನೇ ನಟನ ಹೆಂಡತಿ ಹೊಲಿದುಕೊಡಲಿ ಎಂದರು. ಕರಿ ಕಂಬಳಿ, ತೆಂಗಿನ ನಾರು, ಗೋಣಿ, ಅಂಟಿಗೆ ಮರವಜ್ರ. ಹನ್ನೊಂದು ದಿನ ಹೊಲಿದೆ. ಮುಗಿದ ಮೇಲೆ ಡಿಪೋದ ತಕ್ಕಡಿಯಲ್ಲಿ ತೂಗಿದೆವು, ಹತ್ತೊಂಬತ್ತು ಕಿಲೋ.

ತಲೆಯನ್ನು ಮೈಗೆ ಸೇರಿಸುವ ಹುಕ್ಕುಗಳ ವಿಷಯದಲ್ಲಿ ನಮ್ಮಿಬ್ಬರಿಗೆ ಸ್ವಲ್ಪ ಮಾತಾಯಿತು. ಅವರು ಗಂಟಲ ಹತ್ತಿರ ಹಾಕು ಎಂದರು, ಬೇಕಾದಾಗ ತಾನೇ ಬಿಚ್ಚಿಕೊಳ್ಳಬಹುದು ಎಂದು. ನಾನು ಒಪ್ಪಲಿಲ್ಲ. ನಮ್ಮ ಕಡೆಯ ಕರಡಿಗೆ ಎದೆಯ ಮೇಲೆ ಬಿಳಿಯ ಗುರುತಿರುತ್ತದೆ, ಇಂಗ್ಲಿಷಿನ ವಿ ಅಕ್ಷರದ ಹಾಗೆ. ಹುಕ್ಕು ಮುಂದೆ ಬಂದರೆ ಆ ಗುರುತು ನಡುವೆ ಸೀಳುತ್ತದೆ, ನೋಡಿದವರು ಇದು ಕರಡಿಯಲ್ಲ ಎನ್ನುತ್ತಾರೆ ಎಂದೆ. ಅವರು ನಕ್ಕರು. "ಕರಡಿ ಅಲ್ಲ ಅಂತ ಅವ್ರಿಗೂ ಗೊತ್ತು ಕಣೇ, ನನಗೂ ಗೊತ್ತು. ನಿನಗೊಬ್ಬಳಿಗೆ ಗೊತ್ತಿಲ್ಲ." ಆದರೂ ನಾನು ಹಿಂದೆಯೇ ಹಾಕಿದೆ, ಕುತ್ತಿಗೆಯ ಹಿಂದೆ ಏಳು ಹುಕ್ಕು, ನಾರಿನ ಕೆಳಗೆ ಮುಚ್ಚಿ. ತೊಟ್ಟವರ ದಪ್ಪ ಗೋಣಿಗೈಗೆ ಅವು ಸಿಗುವಂತಿರಲಿಲ್ಲ. ಬಾಯಿ ನಾನು ಹೊಲಿದುಬಿಟ್ಟಿದ್ದೆ, ಉಸಿರಿಗೆ ಮೂಗಿನಲ್ಲಿ ಎರಡು ತೂತು. ಮನೆಯಲ್ಲಿ ತೊಟ್ಟು ನೋಡಿದ ದಿನ, ನಾನು ಕುಳ್ಳಿಯಾದ್ದರಿಂದ, ಬಿಚ್ಚಿಸಿಕೊಳ್ಳಲು ಅವರು ಮೊಣಕಾಲು ಮಡಿಸಿ ತಲೆ ಮುಂದಕ್ಕೆ ಬಗ್ಗಿಸಿ ನಿಂತರು. ಮೇಲಿನಿಂದ ಒಂದೊಂದೇ ಬಿಚ್ಚಿದೆ. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು. ಮೊದಲು ಕೇಳಿದ್ದು ನೀರು.

ಇದು ೧೯೮೫ರ ಏಪ್ರಿಲ್. ಹದಿನೆಂಟನೆಯ ದಿನ ಅವರನ್ನು ಕಂಪನಿಯ ಜೀಪಿನಲ್ಲಿ ತಂದರು. ಲಾಡ್ಜಿನಲ್ಲಿ ಮಲಗಿದ್ದಾಗ ಎದೆ ನಿಂತಿತು ಎಂದು ಹೇಳಿದರು. ಜೊತೆಗೆ ಬಂದವನು ನನ್ನ ಮುಖ ನೋಡದೆ ಹೇಳಿದ. ವೇಷ ವಾಪಸ್ ಬರಲಿಲ್ಲ, ನಾನು ಕೇಳಲೂ ಇಲ್ಲ. ಚಿತ್ರ ನಮ್ಮ ಊರಿಗೆ ಬರಲು ಎರಡು ವರ್ಷ ಬೇಕಾಯಿತು. ಮಂಗಳವಾರ ಸಂಜೆಯ ಮೊದಲ ಆಟಕ್ಕೆ ಊರೆಲ್ಲ ಹೋಗಿತ್ತು, ಪರಮೇಶಿಯನ್ನು ನೋಡಲು. ನಾನು ಹೋಗಲಿಲ್ಲ. ಐದೇ ರೀಲು ಬಂದಿತ್ತು. ಒಂದೇ ಪ್ರತಿಯನ್ನು ಎರಡು ಊರಿನವರು ಹಂಚಿಕೊಂಡು ಓಡಿಸುವುದು ನಮ್ಮಲ್ಲಿ ರೂಢಿ, ಆರನೆಯದು ಇನ್ನೊಂದು ಊರಿನಿಂದ ಸೈಕಲ್ಲಿನಲ್ಲಿ ಬರಬೇಕಾದದ್ದು ಬರಲಿಲ್ಲ. ಮೆಷಿನ್ ಓಡಿಸುವ ಖಾಸಿಂ ಸಾಬ್ರು ಪರದೆಯ ಮುಂದೆ ನಿಂತು ಕೊನೆಯನ್ನು ಬಾಯಲ್ಲೇ ಹೇಳಿ ಮುಗಿಸಿದರಂತೆ. ಸಾಹುಕಾರ ಬಂದೂಕು ತಂದ, ಹೊಡೆದ, ಕರಡಿ ಸತ್ತಿತು, ಎಲ್ಲರೂ ಮನೆಗೆ ಹೋಗಿ. ಆಮೇಲೆ ಎಂದಿನಂತೆ ಹಿಂಬಾಗಿಲು ತೆರೆದರು. ವೇಷವಲ್ಲವೇ ಎಂದು ಯಾರೂ ಅಲ್ಲಿ ನಿಂತು ನೋಡಲಿಲ್ಲ.

ಬುಧವಾರ ನಾನು ಹೆಜ್ಜೆ ಅಳೆದು ಪುಸ್ತಕ ಮುಚ್ಚುವ ಹೊತ್ತಿಗೆ ಪೇಟೆಯ ಕಡೆಯಿಂದ ಕೂಗು ಕೇಳಿಸಿತು. ಇಡ್ಲಿ ಮಾರುವ ಸಾಕಮ್ಮ ತನ್ನ ನೀರಿನ ಹಂಡೆಯ ಹತ್ತಿರ ಬಿದ್ದಿದ್ದಳು. ಬಲಗೈ ಹೆಗಲ ಹತ್ತಿರ ಮುರಿದಿತ್ತು. ಹಂಡೆ ಉರುಳಿ ಬೀದಿಯೆಲ್ಲ ಒದ್ದೆ. ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡ ಮೇಲೆ ಅವಳನ್ನು ನೋಡಲು ಹೋದೆ. ಪಕ್ಕದ ಮಂಚದವಳಿಗೆ ತನ್ನ ಕಥೆ ಹೇಳುತ್ತಿದ್ದಳು, ಸಿನಿಮಾದಿಂದ ಇಷ್ಟು ವರ್ಷ ಒಬ್ಬ ಇಡ್ಲಿ ತಿನ್ನೋನು ಹೊರಗೆ ಬರಲಿಲ್ಲ, ಬಂದದ್ದು ನೋಡು ಕೈ ಮುರಿಯೋದು ಎಂದು. ನನ್ನನ್ನು ಕಂಡು ಸ್ವಲ್ಪ ಸರಿದು ಮಂಚದಲ್ಲಿ ಜಾಗ ಮಾಡಿದಳು. ನಾನು ಎಷ್ಟು ಎತ್ತರವಿತ್ತು, ಯಾವ ಕಡೆಯಿಂದ ಬಂತು ಎಂದೆಲ್ಲ ಕೇಳಿ ಬರೆದುಕೊಂಡೆ. ಹೊರಡುವಾಗ ಅವಳು ಎಡಗೈಯಿಂದ ನನ್ನ ಸೆರಗು ಹಿಡಿದಳು.

"ಒಂದು ಮಾತು ಬರ್ಕೊಳ್ಲಿಲ್ಲ ನೀನು ಅಂಬುಜವ್ವ. ಅದು ನನ್ನ ಕಡೆ ನೋಡ್ಲೇ ಇಲ್ಲ. ಹಂಡೆ ಕಡೆ ನೋಡ್ತಿತ್ತು. ನಾನೇ ಅಡ್ಡ ಬಂದೆ."

ಅದನ್ನೂ ಬರೆದುಕೊಂಡೆ.

ಅಂದು ಮಧ್ಯಾಹ್ನ ಸಮಿತಿಯ ಅಧ್ಯಕ್ಷ ಹಾಲಪ್ಪನವರು ಆಟ ನಿಲ್ಲಿಸಿದರು. ಹಾಲಪ್ಪನವರು ಅಕ್ಕಿ ಗಿರಣಿಯ ಮಾಲೀಕರು, ಕೂಗಾಡುವ ಮನುಷ್ಯರಲ್ಲ. ನನ್ನ ಸಹಿ ಇದ್ದ ಕಾಗದವನ್ನು ಮೇಜಿನ ಮೇಲೆ ಇಟ್ಟು, ಅದರ ಮೇಲೆ ತಮ್ಮ ಕನ್ನಡಕವನ್ನಿಟ್ಟರು. "ನೀವೇ ಬರ್ದಿದ್ದು ಮೇಡಂ. ನಾನು ಬೈಯಲ್ಲ. ನನ್ನ ಕೇಳಿದ್ರೂ ಹಂಗೇ ಬರೀತಿದ್ದೆ. ಆದ್ರೆ ವೇಷ ಹೆಂಗೆ ಹೊರಗೆ ಬಂತು ಅಂತ ನಾಳೆ ಜನ ಕೇಳ್ತಾರಲ್ಲ." ಸಂಜೆಯೊಳಗೆ ಇನ್ನೂ ಮೂರು ಕಡೆ ಅದು ಕಾಣಿಸಿತು, ಮೂರೂ ಕಡೆ ನೀರಿನ ಹತ್ತಿರವೇ. ನೀರಿಗೆ ಬರುತ್ತದೆ ಎಂದು ಗೊತ್ತಾದ ಮೇಲೆ ಊರಿನವರು ಅವರಿಗೆ ತೋಚಿದ್ದು ಮಾಡಿದರು. ಹೊರಗಿನ ಹಂಡೆ, ಬಾನಿಗಳನ್ನೆಲ್ಲ ಒಳಗೆ ಒಯ್ದರು. ಬಾವಿಗಳಿಗೆ ಹಲಗೆ ಮುಚ್ಚಿ ಕಲ್ಲು ಹೇರಿದರು. ಬೀದಿ ನಲ್ಲಿಗಳ ತಿರುಪು ಕಳಚಿ ಹಾಲಪ್ಪನವರ ಗಿರಣಿಯಲ್ಲಿಟ್ಟರು. ಕೆರೆ ಇರುವುದು ಊರಿನ ಗಡಿಕಲ್ಲಿನ ಆಚೆ, ಟಾಕೀಸಿನಿಂದ ಬಂದದ್ದು ಯಾವುದೂ ಗಡಿಕಲ್ಲು ದಾಟುವುದಿಲ್ಲ. ಮಾರ್ಚಿನ ಬಿಸಿಲು. ಪ್ರಯೋಗಾಲಯದಿಂದ ಮನೆಗೆ ತಂದಿದ್ದ ತಾಪಮಾಪಕದಲ್ಲಿ ಅಂದು ಮಧ್ಯಾಹ್ನ ಮೂವತ್ತೆಂಟು ಡಿಗ್ರಿ.

ಗುರುವಾರ ಬೆಳಿಗ್ಗೆ ಹೆಜ್ಜೆ ಅಳೆದೆ. ಇಪ್ಪತ್ತಾರು, ಇಪ್ಪತ್ತನಾಲ್ಕು. ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅದು ಬುಧವಾರ ಮುಟ್ಟಿದ್ದ ಕಡೆಗೆಲ್ಲ ಹೋದೆ. ಕುಂಬಾರರ ಬೀದಿಯಲ್ಲಿ ಒಂದು ಬಾನಿ ಉರುಳದೆ ಹಾಗೆಯೇ ನಿಂತಿತ್ತು, ಅದು ಬಂದದ್ದನ್ನು ಮನೆಯವರು ಕಿಟಕಿಯಿಂದ ನೋಡಿದ್ದರು. ಬಾನಿಯೊಳಗೆ ತಲೆ ಹಾಕಿ ಬಹಳ ಹೊತ್ತು ನಿಂತಿತ್ತಂತೆ, ಭುಸುಗುಡುತ್ತಿತ್ತಂತೆ. ನೀರಿನ ಮೇಲೆ ತೆಂಗಿನ ನಾರಿನ ಎಳೆಗಳು ತೇಲುತ್ತಿದ್ದವು. ಬಾನಿ ತುಂಬಿದ್ದು ತುಂಬಿದ ಹಾಗೇ ಇತ್ತು. ಮುಖ ಅದ್ದಿದೆ, ಕುಡಿದಿಲ್ಲ ಎಂದು ಬರೆದೆ. ಬರೆದ ಮೇಲೆ ಆ ಸಾಲನ್ನೇ ನೋಡುತ್ತಾ ಅಲ್ಲೇ ಜಗಲಿಯ ಮೇಲೆ ಕೂತೆ. ಹೊಲಿದ ಬಾಯಿಯಿಂದ ಕುಡಿಯುವುದು ಹೇಗೆ?

ಮಧ್ಯಾಹ್ನ ಟಾಕೀಸಿಗೆ ಹೋಗಿ ಐದನೆಯ ರೀಲು ನೋಡಬೇಕೆಂದೆ. ಖಾಸಿಂ ಸಾಬ್ರು ಪರದೆಯ ಮೇಲೆ ಬಿಡಲು ಹೆದರಿದರು, ಇದ್ದ ಒಂದೇ ಸಾಲದೆ ಇನ್ನೊಂದು ಹೊರಬಂದರೆ ಎಂದು. ಪರದೆಯ ಮೇಲೆ ಬೇಡ, ಕೈಯಲ್ಲೇ ನೋಡುತ್ತೇನೆ ಎಂದೆ. ರೀಲು ಸುತ್ತುವ ಮೇಜಿನ ಮೇಲೆ ಒಂದು ಬಲ್ಬು ಹಚ್ಚಿ, ನಾನು ತಂದಿದ್ದ ಮಸೂರ ಹಿಡಿದು, ಒಂದೊಂದೇ ಚೌಕ ನೋಡತೊಡಗಿದೆ. ಸಾಬ್ರು ನಿಧಾನವಾಗಿ ಎಳೆದುಕೊಡುತ್ತಾ ಹೋದರು. ಪರದೆಯ ಮೇಲೆ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕ ಓಡುತ್ತವೆ. ಮೊದಲ ಭಾಗದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅಗ್ಗದ ಚಿತ್ರ, ಅರ್ಧ ಕತ್ತಲು, ಒಂದೇ ಗುಡ್ಡವನ್ನು ಮೂರು ಊರು ಎಂದು ತೋರಿಸಿದ್ದರು. ಕರಡಿ ಒಬ್ಬ ಮುದುಕನ ಮೇಲೆ ಬೀಳುತ್ತದೆ. ಆ ಬೀಳುವಿಕೆಯಲ್ಲಿ ಪರಮೇಶಿಯ ಜಾಗ್ರತೆ ಗೊತ್ತಾಗುತ್ತಿತ್ತು, ಮುದುಕನಿಗೆ ಭಾರವಾಗದಂತೆ ಮೊಣಕೈ ಊರಿದ್ದರು. ಅಲ್ಲಿ ನನಗೆ ಸ್ವಲ್ಪ ನಗು ಬಂತು.

ಆಮೇಲೆ ಬಂಡೆಯ ಮೇಲಿನ ದೃಶ್ಯ. ನೆರಳುಗಳು ಕಾಲ ಬುಡದಲ್ಲೇ ಇದ್ದವು, ನಡು ಮಧ್ಯಾಹ್ನ. ಕರಡಿ ಓಡಿ ಬರುತ್ತದೆ, ಬಂಡೆಯ ಮೇಲೆ ಕುಸಿದು ಕೂರುತ್ತದೆ, ಕ್ಯಾಮೆರಾ ಅದನ್ನೇ ಹಿಡಿದು ನಿಲ್ಲುತ್ತದೆ. ಬೆನ್ನು ಏರುತ್ತದೆ, ಇಳಿಯುತ್ತದೆ. ಬಲಗೈ ಎದ್ದು ಕುತ್ತಿಗೆಯ ಹಿಂದಕ್ಕೆ ಹೋಗುತ್ತದೆ. ಅಲ್ಲಿ ತಡಕಾಡುತ್ತದೆ, ಕೆಳಗೆ ಬೀಳುತ್ತದೆ. ಮತ್ತೆ ಏಳುತ್ತದೆ. ನಾನು ಚೌಕ ಎಣಿಸಿದೆ. ಒಂಬೈನೂರ ಎಂಬತ್ತನಾಲ್ಕು ಚೌಕ, ನಲವತ್ತೊಂದು ಸೆಕೆಂಡು. ಅಷ್ಟರಲ್ಲಿ ನಾಲ್ಕು ಸಲ ಕೈ ಹಿಂದಕ್ಕೆ ಹೋಗಿತ್ತು.

ಆಟದ ದಿನ ಜನ ಏನೆಂದುಕೊಂಡರು ಎಂದು ಕೇಳಿದೆ. ಸಾಬ್ರು ರೀಲನ್ನು ಹಿಡಿದುಕೊಂಡೇ ಹೇಳಿದರು, ಕರಡಿ ಮೈ ತುರಿಸಿಕೊಳ್ಳುತ್ತಿದೆ ಅಂತ ಹಿಂದಿನ ಬೆಂಚಿನವರು ನಕ್ಕರು, ಮುಂದಿನವರು ಮಾತ್ರ ಯಾಕೋ ಸುಮ್ಮನಿದ್ದರು. ನಾನು ಆಗ ಅವರಿಗೆ ಹುಕ್ಕಿನ ವಿಷಯ ಹೇಳಿದೆ, ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮುಂದೆ ಹಾಕು ಎಂದದ್ದು, ನಾನು ಒಪ್ಪದೆ ಇದ್ದದ್ದು, ಬಿಳಿಯ ಗುರುತು. ಐದು ರೀಲಿನಲ್ಲಿ ಆ ಗುರುತು ಎಲ್ಲಾದರೂ ಕಂಡಿತೇ ಎಂದು ಕೇಳಿದೆ. ಅವರು ಬಹಳ ಯೋಚಿಸಿ, ಇಲ್ಲ, ಎಲ್ಲ ಕಪ್ಪಾಗೇ ಕಾಣುತ್ತದೆ ಎಂದರು. ಆಮೇಲೆ ಬಲ್ಬು ಆರಿಸಿದರು.

"ನಿಮ್ಮ ಹುಕ್ಕಲ್ಲ ಅಕ್ಕ. ಬಿಚ್ಚೋಕೆ ಅಲ್ಲಿ ಇಪ್ಪತ್ತು ಜನ ನಿಂತಿದ್ರು."

ಅದು ನಿಜ. ಆ ಇಪ್ಪತ್ತು ಜನರಲ್ಲಿ ಒಬ್ಬನ ಕೈ ಕ್ಯಾಮೆರಾದ ಮೇಲಿತ್ತು ಎಂಬುದೂ ನಿಜ. ಆದರೆ ಹುಕ್ಕು ನನ್ನದೇ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮನೆಗೆ ಬಂದೆ. ವೇಷ ಹೇಗೆ ಹೊರಬಂತು ಎಂದು ಕೇಳಿದವರಿಗೆ ಕೊಡಲು ಈಗ ಉತ್ತರವಿತ್ತು. ಆ ನಲವತ್ತೊಂದು ಸೆಕೆಂಡು ಅವರು ನಟಿಸಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಇಪ್ಪತ್ತಾರು, ಇಪ್ಪತ್ತನಾಲ್ಕು. ಹೆಜ್ಜೆಗಳ ನಡುವಿನ ದೂರ ಮಾತ್ರ ಐವತ್ತೆಂಟರಿಂದ ನಲವತ್ತೊಂದಕ್ಕೆ ಇಳಿದಿತ್ತು. ಅಂದರೆ ಅದು ಸಣ್ಣದಾಗಿರಲಿಲ್ಲ, ಕಾಲು ಎಳೆದುಕೊಂಡು ನಡೆಯುತ್ತಿತ್ತು. ಪುಸ್ತಕ ತೆರೆದೆ. ಇಪ್ಪತ್ತೈದೂವರೆ ಎಂದು ಬರೆದಿದ್ದರೆ ಯಾರೂ ಬಂದು ಮತ್ತೆ ಅಳೆಯುತ್ತಿರಲಿಲ್ಲ. ಇಳಿಯುತ್ತಿದೆ, ತಾನಾಗೇ ಹೋಗುತ್ತದೆ ಎಂದು ಎಲ್ಲರೂ ಸಮಾಧಾನಪಟ್ಟುಕೊಂಡು ಇನ್ನು ಮೂರು ದಿನ ಬಿಟ್ಟುಬಿಡುತ್ತಿದ್ದರು. ಆ ಮೂರು ದಿನದಲ್ಲಿ ಇನ್ನೊಬ್ಬ ಸಾಕಮ್ಮ ಅಡ್ಡ ಬರುತ್ತಿದ್ದಳು. ಇದ್ದದ್ದನ್ನೇ ಬರೆದೆ.

ಸಂಜೆ ಸಮಿತಿ ಸೇರಿತು. ಆರನೆಯ ರೀಲು ಮಧ್ಯಾಹ್ನ ಬಂದಿತ್ತು. ಶನಿವಾರ ಮ್ಯಾಟಿನಿಗೆ ಅದೊಂದನ್ನೇ ತೋರಿಸಿ ಮುಗಿಸುವುದು ಎಂದು ಹಾಲಪ್ಪನವರು ಹೇಳುತ್ತಿದ್ದಾಗ ಖಾಸಿಂ ಸಾಬ್ರು ಎದ್ದು ನಿಂತರು. ಅವರು ಸಭೆಯಲ್ಲಿ ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆ ರೀಲನ್ನು ತಾನೂ ಕೈಯಲ್ಲೇ ನೋಡಿದೆ ಎಂದರು. ನನ್ನ ಕಡೆ ತಿರುಗಿ, ನೀವು ಹೊರಗೆ ಹೋಗಿ ಅಕ್ಕ, ಎಂದರು. ನಾನು ಹೋಗಲಿಲ್ಲ. ಅವರು ಚಾವಣಿ ನೋಡುತ್ತಾ ಹೇಳಿದರು.

"ಗುಂಡು ಹೊಡೆಯೋಕೆ ಮುಂಚೇನೇ ಕರಡಿ ಬಿದ್ದಿರ್ತದೆ. ಸಾಹುಕಾರ ಇನ್ನೂ ಬಂದೂಕು ಎತ್ತಿರಲ್ಲ. ಬಿದ್ದಿದ್ದು ಮತ್ತೆ ಅಲ್ಲಾಡಲ್ಲ."

ಲಾಡ್ಜು, ಮಲಗಿದ್ದಾಗ, ಎದೆ ನಿಂತಿತು. ಜೀಪಿನ ಜೊತೆ ಬಂದವನು ನನ್ನ ಮುಖ ನೋಡದೆ ಹೇಳಿದ್ದು ನೆನಪಾಯಿತು. ಮರುಚಿತ್ರೀಕರಣಕ್ಕೆ ಫಿಲ್ಮೂ ಇರಲಿಲ್ಲ, ಕರಡಿಯೂ ಇರಲಿಲ್ಲ, ಇದ್ದದ್ದನ್ನೇ ಇಟ್ಟುಕೊಂಡಿದ್ದರು. ನನಗೆ ಆಗ ಅಳು ಬರಲಿಲ್ಲ. ಬಹಳ ದೂರ ನಡೆದು ಬಂದವಳಂತೆ ಕಾಲು ನೋಯುತ್ತಿತ್ತು, ಅಷ್ಟೇ. ಸಾವು ನಟನೆಯಲ್ಲದಿದ್ದರೆ ಅದೂ ಹಿಂಬಾಗಿಲಿನಿಂದ ಹೊರಗೆ ಬರುತ್ತದೆ ಎಂದು ಸಮಿತಿಯಲ್ಲಿ ಇದ್ದವರಿಗೆಲ್ಲ ನಿಧಾನವಾಗಿ ಹೊಳೆಯಿತು. ಅದು ಬಂದರೆ ಯಾರ ಮನೆಗೆ ಹೋಗುತ್ತದೆ, ಅದನ್ನು ಅಳೆಯುವುದು ಹೇಗೆ, ಅದರ ಕೊನೆ ಯಾವ ರೀಲಿನಲ್ಲಿದೆ? ತೋರಿಸದಿದ್ದರೆ ಇದು ಹೀಗೇ ಬಾಯಾರಿಕೊಂಡು ಊರು ತುಂಬ ತಿರುಗುತ್ತದೆ. ಹಾಲಪ್ಪನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

ಮ್ಯಾಟಿನಿಗೆ ಮೊದಲು ನನಗೆ ಒಂದು ಬೆಳಗು ಕೊಡಿ ಎಂದು ಕೇಳಿದೆ.

"ಏನ್ ಮಾಡ್ತೀರಿ?"

"ನೀರಿಡ್ತೀನಿ."

"ನೀರಿಟ್ರೆ ನಿಮ್ಮನೆಗೇ ಬರ್ತದಲ್ಲ ಮೇಡಂ."

"ಅದಕ್ಕೇ ಇಡೋದು."

ಅವರು ಸಾಬ್ರ ಮುಖ ನೋಡಿದರು. ನಮ್ಮ ಬೀದಿಯ ನಲ್ಲಿಯ ತಿರುಪನ್ನು ಗಿರಣಿಯಿಂದ ತರಿಸಿ ಅವರೇ ನನ್ನ ಕೈಗೆ ಕೊಟ್ಟರು. ಏನಾದರೂ ಆದರೆ ಕೂಗಿ, ಜನ ಇರುತ್ತಾರೆ ಎಂದರು. ಬೀದಿಯ ಕೊನೆಯಲ್ಲೇ ಇರಲಿ, ಹತ್ತಿರ ಬೇಡ ಎಂದೆ.

ಶನಿವಾರ ಬೆಳಿಗ್ಗೆ ಐದೂ ನಲವತ್ತಕ್ಕೆ ಹಿತ್ತಿಲಿನಲ್ಲಿ ಒಗೆಯುವ ಕಲ್ಲಿನ ಮೇಲೆ ಅಗಲ ಬಾಯಿಯ ಹಿತ್ತಾಳೆಯ ದೊಡ್ಡ ಕೊಡ ಇಟ್ಟೆ. ಕಂಠದವರೆಗೆ ತುಂಬಿಸಿದೆ. ಎಣ್ಣೆಯ ಬಟ್ಟಲು ಮತ್ತು ಚಿಕ್ಕ ಇಕ್ಕುಳ ಸೆರಗಿನಲ್ಲಿ ಕಟ್ಟಿಕೊಂಡೆ, ಎರಡು ವರ್ಷದ ಹುಕ್ಕು ತುಕ್ಕು ಹಿಡಿದಿರಬಹುದು ಎಂದು. ಬಚ್ಚಲ ಗೋಡೆಗೆ ಒರಗಿ ನಿಂತೆ. ಬೆಳಕು ಹರಿಯುತ್ತಿತ್ತು. ಮೊದಲು ಕೇಳಿಸಿದ್ದು ಉಸಿರು. ಊರಿನವರು ನಾಲ್ಕು ದಿನದಿಂದ ಗುರುಗುಟ್ಟುವಿಕೆ ಎಂದು ಹೇಳುತ್ತಿದ್ದದ್ದು ಅದೇ. ಎರಡು ಸಣ್ಣ ತೂತಿನಿಂದ ಒಳಗೆ ಎಳೆದುಕೊಳ್ಳುವ ಗಾಳಿಯ ಶಬ್ದ, ಕಮ್ಮಾರನ ತಿದಿಯ ಹಾಗೆ ಏರಿ ಇಳಿಯುತ್ತಿತ್ತು. ಬೇಲಿ ಸರಿಸಿಕೊಂಡು ಅದು ಒಳಗೆ ಬಂತು.

ನಾನು ಹೊಲಿದದ್ದಕ್ಕಿಂತ ಅದು ದೊಡ್ಡದಾಗಿರಲಿಲ್ಲ. ಒಂದು ಗಾಜಿನ ಕಣ್ಣು ಜೋಲುತ್ತಿತ್ತು. ಸೊಂಟದ ಹತ್ತಿರ ನಾರು ಉದುರಿ ಕಂಬಳಿ ಕಾಣುತ್ತಿತ್ತು. ಎದೆಯ ಮೇಲೆ ಬಿಳಿಯ ಗುರುತು ಸೀಳಿಲ್ಲದೆ, ಸರಿಯಾಗಿ ಇತ್ತು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಸಾಕಮ್ಮನ ಹೆಗಲು ಮುರಿದ ಕೈ ನನ್ನಿಂದ ಎರಡು ಮಾರು ದೂರದಲ್ಲಿತ್ತು. ಅದು ನನ್ನನ್ನು ನೋಡಲಿಲ್ಲ. ಕೊಡದ ಹತ್ತಿರ ಹೋಗಿ, ಮುಖವನ್ನು ನೀರಿನಲ್ಲಿ ಅದ್ದಿ, ತೆಗೆದು, ಮತ್ತೆ ಅದ್ದಿತು. ನೀರು ಚೆಲ್ಲಿ ಕಲ್ಲಿನ ಮೇಲೆ ಹರಿಯಿತು. ಕೈ ಎದ್ದು ಕುತ್ತಿಗೆಯ ಹಿಂದಕ್ಕೆ ಹೋಯಿತು.

ನಾನು ಹಿಂದಿನಿಂದ ಹೋದೆ. ಏನು ಹೇಳಬೇಕೋ ಯೋಚಿಸಿರಲಿಲ್ಲ. "ಬಗ್ಗಿ. ಎಟುಕಲ್ಲ ನನಗೆ" ಎಂದೆ. ಅದು ನಿಂತುಬಿಟ್ಟಿತು. ಆಮೇಲೆ ಮೊಣಕಾಲು ಮಡಿಸಿತು, ತಲೆಯನ್ನು ಮುಂದಕ್ಕೆ ಬಗ್ಗಿಸಿತು, ಮನೆಯಲ್ಲಿ ತೊಟ್ಟು ನೋಡಿದ ದಿನದ ಹಾಗೆ.

ನಾರು ಸರಿಸಿ ಮೇಲಿನಿಂದ ಶುರು ಮಾಡಿದೆ. ಮೊದಲ ಮೂರು ಸುಲಭವಾಗಿ ಬಂದವು. ನಾಲ್ಕನೆಯದಕ್ಕೆ ಎಣ್ಣೆ ಹಾಕಬೇಕಾಯಿತು. ಐದನೆಯದನ್ನು ಇಕ್ಕುಳದಿಂದ ಮುರಿದೆ. ಕಂಬಳಿಯ ಒಳಗಿನ ಬಿಸಿ ಬೆರಳಿಗೆ ತಾಗುತ್ತಿತ್ತು, ಜೊತೆಗೆ ಬೆವರಿನ ವಾಸನೆ, ಮರವಜ್ರದ ವಾಸನೆ. ಆರು. ಏಳು. ತಲೆ ತನ್ನ ಭಾರಕ್ಕೆ ಮುಂದಕ್ಕೆ ಜಾರಿ ಒಗೆಯುವ ಕಲ್ಲಿನ ಪಕ್ಕ ಬಿತ್ತು. ನಾನು ಹಿಂದೆಯೇ ನಿಂತಿದ್ದೆ. ಮುಂದೆ ಬಂದು ನೋಡಬಹುದಾಗಿತ್ತು, ನೋಡಲಿಲ್ಲ. ನಮ್ಮ ಊರಿನಲ್ಲಿ ಮನುಷ್ಯರು ಹೊರಗೆ ಬರುವುದಿಲ್ಲ, ಅದು ನನಗೆ ಗೊತ್ತಿದೆ. ಬೆನ್ನು ಬಗ್ಗಿತು, ಕೊಡ ಓರೆಯಾದ ಸದ್ದಾಯಿತು, ಆಮೇಲೆ ಗುಟುಕಿನ ಸದ್ದು. ಅವಸರದಲ್ಲಿ ಕೆಲವು, ನಡುವೆ ಒಂದು ಕೆಮ್ಮು, ಆಮೇಲೆ ನಿಧಾನವಾಗಿ. ನನ್ನ ಕೈ ಅದರ ಬೆನ್ನಿನ ಮೇಲಿತ್ತು. ಕಂಬಳಿ ನನ್ನ ಅಂಗೈ ಕೆಳಗೆ ಮೆತ್ತಗಾಗುತ್ತಾ ಹೋಯಿತು, ಒಳಗಿನ ಬಿಸಿ ಆರಿತು. ಬಿಸಿಲು ಹಿತ್ತಿಲಿಗೆ ಬೀಳುವ ಹೊತ್ತಿಗೆ ಕೈ ಕೆಳಗೆ ಕಂಬಳಿಯೂ ಇರಲಿಲ್ಲ, ಕಲ್ಲಿನ ಪಕ್ಕ ತಲೆಯೂ ಇರಲಿಲ್ಲ.

ಬೀದಿಯ ಕೊನೆಯಲ್ಲಿ ಕಾದಿದ್ದ ಹಾಲಪ್ಪನವರಿಗೆ ಹೋಯಿತು ಎಂದಷ್ಟೇ ಹೇಳಿದೆ. ಅವರು ನಲ್ಲಿಗಳ ತಿರುಪನ್ನೆಲ್ಲ ವಾಪಸ್ ಹಾಕಿಸಲು ಹೋದರು. ಆರನೆಯ ರೀಲನ್ನು ಖಾಸಿಂ ಸಾಬ್ರು ಮೆಷಿನ್ನಿಗೆ ಹಾಕದೆ ಅದೇ ದಿನ ಹಿಂದಕ್ಕೆ ಕಳಿಸಿದರು. ಸಾಕಮ್ಮನ ಕೈ ಕೂಡಲು ಏಳು ವಾರ ಬೇಕಾಯಿತು, ಅಷ್ಟೂ ದಿನ ಬೆಳಿಗ್ಗೆ ಅವಳ ಇಡ್ಲಿ ಹಿಟ್ಟನ್ನು ನಾನು ರುಬ್ಬಿಕೊಟ್ಟೆ. ಕಾಗದದಲ್ಲಿ ಇನ್ನು ಮುಂದೆ ವೇಷ ಎಂದು ಬರೆಯುವ ಮೊದಲು, ಅದನ್ನು ಒಳಗಿನವರೇ ಬಿಚ್ಚಿಕೊಳ್ಳಬಹುದೇ ಎಂದೂ ಕೇಳಿ ಬರೆಯುತ್ತೇನೆ.

ಅಂದು ಶನಿವಾರ ಪುಸ್ತಕದಲ್ಲಿ ಬರೆಯಲು ಹೆಜ್ಜೆ ಗುರುತು ಇರಲಿಲ್ಲ, ಕಲ್ಲಿನ ಮೇಲೆ ಅದು ಮೂಡುವುದಿಲ್ಲ. ಕೊಡಕ್ಕೆ ಅಳತೆಪಟ್ಟಿ ಇಳಿಬಿಟ್ಟು ನೋಡಿದೆ. ಅದ್ದುವಾಗ ಚೆಲ್ಲಿದ್ದು ಮೂರು ಸೆಂಟಿಮೀಟರಿನಷ್ಟಿರಬಹುದು, ಅದನ್ನು ಕಳೆದೆ. ನೀರು ಹನ್ನೊಂದು ಸೆಂಟಿಮೀಟರು ಇಳಿದಿತ್ತು.